ಲಿಫ್ಟಿನ ತಾಮ್ರದ ಸ್ಪ್ರಿಂಗು

...ಅಲ್ಲ, ತಪ್ಪಾಯ್ತು ಮೊಬೈಲಪ್ಪಾ, ಮತ್ತೆ ಮೊದಲಿಂದ ಹೇಳ್ತೀನಿ, ರೆಕಾರ್ಡ್ ಮಾಡ್ಕೋ. ಇವತ್ತು ಗುರುವಾರ, ಹದಿನಾಲ್ಕನೇ ತಾರೀಕು. ನಮ್ಮ ಲಿಫ್ಟಿನ ಸ್ವಿಚ್ಚಿನೊಳಗಿನ ಸ್ಪ್ರಿಂಗು ಮುರಿದಾಗಿಂದ ಅಮ್ಮ ನಾಲ್ಕನೇ ಮಹಡಿಯಿಂದ ಕೆಳಗಿಳಿದಿಲ್ಲ. ಅಂಗಡೀಲಿ ಹೊಸದು ಸಿಗಲಿಲ್ಲ, ನಮ್ಮ ವರ್ಕ್‌ಶಾಪಲ್ಲಿ ನಾನೇ ಮಾಡೋಕೆ ಕೂತೆ. ಬೆರಿಲಿಯಂ ಬೆರೆಸಿದ ತಾಮ್ರದ ಪಟ್ಟಿ. ಕೆಂಪಗೆ ಕಾಯಿಸಿ ನೀರಿಗೆ ಅದ್ದಿದೆ. ಉಕ್ಕಾಗಿದ್ರೆ ಕಲ್ಲಾಗ್ತಿತ್ತು, ಇದು ಮೇಣದ ಹಾಗೆ ಬಾಗಿತು! ಕೆಟ್ಟೋಯ್ತು ಅಂತ ಗುಜರಿಗೆ ಎಸೆಯೋಕೆ ಹೊರಟೆ.

ವರ್ಕ್‌ಶಾಪಿನ ಕುಲುಮೆ ನೋಡ್ಕೊಳ್ಳೋ ಅತ್ತಿಗೆ ತಡೆದ್ರು. "ಏನ್ರೀ ಮೈದುನ್ರೇ, ಇಷ್ಟು ವರ್ಷ ಉಕ್ಕಿನ ಜೊತೆ ಸಂಸಾರ ಮಾಡಿ, ತಾಮ್ರಕ್ಕೂ ಅದೇ ಬುದ್ಧಿ ಅಂದ್ಕೊಂಡ್ರಾ? ಮೆತ್ತಗಿರುವಾಗ್ಲೇ ಬಗ್ಗಿಸಿ, ಆಮೇಲೆ ಸಣ್ಣ ಬಿಸೀಲಿಡಿ."

ಆಹಾ, ಎಂಥಾ ಲೋಹ! ನೀರಿಗೆ ಅದ್ದಿದಾಗ ಬೆರಿಲಿಯಂ ಪರಮಾಣುಗಳು ತಾಮ್ರದೊಳಗೆ ಚೆಲ್ಲಾಪಿಲ್ಲಿಯಾಗಿ ಸಿಕ್ಕಿಹಾಕ್ಕೊಂಡಿರುತ್ವೆ. ಪದರದ ಮೇಲೆ ಪದರ ಸಲೀಸಾಗಿ ಜಾರುತ್ತೆ, ಅದಕ್ಕೇ ಮೆತ್ತಗೆ. ಸಣ್ಣ ಬಿಸಿ ಕೊಟ್ರೆ ಅವು ಮೆಲ್ಲಗೆ ಸರಿದು, ತಮ್ಮವರನ್ನ ಹುಡುಕ್ಕೊಂಡು ಪುಟ್ಟ ಪುಟ್ಟ ಗುಂಪು ಕಟ್ತವೆ. ಜಾರೋಕೆ ಹೊರಟ ಪದರ ಆ ಗುಂಪಿಗೆ ಸಿಕ್ಕಿ ನಿಂತ್ಬಿಡುತ್ತೆ. ಅದೇ ಗಟ್ಟಿತನ! ಜಾಸ್ತಿ ಹೊತ್ತು ಬಿಟ್ರೆ ಗುಂಪುಗಳು ದೊಡ್ಡದಾಗಿ, ದೂರ ದೂರವಾಗಿ, ಮತ್ತೆ ಮೆತ್ತಗಾಗುತ್ತಂತೆ. ಸ್ಪ್ರಿಂಗಿನ ಆಕಾರಕ್ಕೆ ಬಗ್ಗಿಸಿ ಕುಲುಮೆಯ ಸಣ್ಣ ಬಿಸೀಲಿಟ್ಟೆ, ಅತ್ತಿಗೆ ಹದ ನೋಡಿ ತೆಗೆದ್ರು. ಬೆರಳಲ್ಲಿ ಒತ್ತಿ ಬಿಟ್ಟೆ, ಟಣ್ಣಂತ ವಾಪಸ್ ಎದ್ದಿತು. ಮೈ ಜುಮ್ಮಂತು ನಂಗೆ. ಕಣ್ಣಿಗೇ ಕಾಣದಷ್ಟು ಸಣ್ಣವು, ಎಷ್ಟು ಶಿಸ್ತಾಗಿ...

ಸಂಜೆ ಮೆಕ್ಯಾನಿಕ್ ಬಂದು ಅದನ್ನ ಕೂರಿಸ್ತಿದ್ದ. ಏನಾಯ್ತೋ ಇನ್ನೂ...

ತಾಳು, ಅಮ್ಮ ಕೂಗ್ತಿದ್ದಾಳೆ. "ಲೋ, ಇನ್ನೂ ಎಷ್ಟೊತ್ತೋ ಆ ಮೊಬೈಲ್ ಜೊತೆ ಮಾತು? ಚಪ್ಪಲಿ ಹಾಕ್ಕೊಂಡು ಬಾರೋ!"

ಅರೆ, ದನಿ ಕೆಳಗಡೆ ಬೀದಿಯಿಂದ ಬರ್ತಿದೆ! ಬಂದೆ ಅಮ್ಮಾ! ಇಡ್ತೀನಿ ಇಡ್ತೀನಿ.