ಸಿಕ್ಕಿತೇ ಎಂದು ಕೇಳಿದಿರಿ, ಏನು ಬೇಕಿತ್ತು ಎಂದು ಕೇಳಲಿಲ್ಲ

ಆರೋಗ್ಯ ಇಲಾಖೆಯ ಸಮೀಕ್ಷಾ ವಿಭಾಗದ ಮುಖ್ಯಸ್ಥರ ಗಮನಕ್ಕೆ,

ಮಾನ್ಯರೇ, ದೊಡ್ಡಾಸ್ಪತ್ರೆಯಲ್ಲಿ ರೋಗಿಗಳ ಸಂದೇಹಗಳಿಗೆ ಉತ್ತರ ಹೇಳುತ್ತಿದ್ದ ವಿಚಾರಣಾ ಕೋಣೆಗೆ ನೀವು ಬೀಗ ಹಾಕಿಸಿದ್ದು ತಪ್ಪು. ಅದಕ್ಕೆ ಆಧಾರವಾಗಿ ಮುಂದಿಟ್ಟ ಸಂಶೋಧನೆಯೂ ತಪ್ಪು. ರೋಗಿಗಳು ಮಾಹಿತಿಯನ್ನು ಹೇಗೆ ಹುಡುಕುತ್ತಾರೆ, ಹೇಗೆ ಬಳಸುತ್ತಾರೆ ಎಂಬ ನಿಮ್ಮ ಅಧ್ಯಯನವನ್ನು ಪೂರ್ತಿ ಓದಿದ್ದೇನೆ. ಶೇಕಡಾ ತೊಂಬತ್ತೊಂದು ಮಂದಿಗೆ ಬೇಕಾದ ಮಾಹಿತಿ ಸಿಕ್ಕಿದೆಯಂತೆ. ಆದ್ದರಿಂದ ಗೋಡೆಯ ಮೇಲಿನ ಟಿವಿ ಪರದೆ ಮತ್ತು ಒಂದು ಕೈಪಿಡಿ ಸಾಕಂತೆ, ಎದುರು ಕೂತು ಮಾತಾಡುವ ಮನುಷ್ಯರು ಬೇಡವಂತೆ. ನಾನು ಶಾಲೆಯಲ್ಲಿ ಗಣಿತ ಕಲಿಸುವವಳು. ನಿಮ್ಮ ಭಾಗಾಕಾರದಲ್ಲಿ ತಪ್ಪಿಲ್ಲ. ಆದರೆ ಆ ತೊಂಬತ್ತೊಂದರೊಳಗೆ ನನ್ನ ಅಕ್ಕನೂ ಇದ್ದಾಳೆ.

ಅಕ್ಕ ದರ್ಜಿ. ಬೀದಿಗೆ ತೆರೆದ ಒಂದೇ ಕೋಣೆಯ ಅಂಗಡಿ, ಒಂದು ಹೊಲಿಗೆ ಯಂತ್ರ, ಇಸ್ತ್ರಿಗೊಂದು ಮೇಜು. ಭಾವ ತೀರಿಕೊಂಡ ಮೇಲೆ ಮಗಳನ್ನು ಓದಿಸುತ್ತಿದ್ದುದು ಆ ಅಂಗಡಿಯೇ. ಕಳೆದ ವರ್ಷ ಅವಳಿಗೆ ಫಿಟ್ಸ್ ಬರತೊಡಗಿತು. ಡಾಕ್ಟರು ಮಾತ್ರೆ ಬರೆದು, ಕೈಪಿಡಿ ಕೊಟ್ಟು ಕಳಿಸಿದರು. ಔಷಧಿಯ ಸಾಲಿನಲ್ಲಿ ನಿಂತಿದ್ದಾಗ ಹಿಂದಿನವಳು ಚೀಟಿಯತ್ತ ಇಣುಕಿ, "ಇದನ್ನ ನಮ್ಮ ಅತ್ತಿಗೆ ತಗೋತಿದ್ರು. ಕೈ ಗಡಗಡ ನಡುಗೋಕೆ ಶುರುವಾಯ್ತು, ಲೋಟ ಹಿಡಿಯೋಕೂ ಆಗ್ತಿರಲಿಲ್ಲ" ಎಂದಳು. ಅಷ್ಟರಲ್ಲಿ ನಿಮ್ಮ ಸಮೀಕ್ಷೆಯ ಹುಡುಗಿ ಬಂದು, "ಬೇಕಾದ ಮಾಹಿತಿ ಸಿಕ್ತಾ ಮೇಡಂ?" ಎಂದು ಕೇಳಿದಳು.

"ಸಿಕ್ತು" ಎಂದಳು ಅಕ್ಕ. ಹುಡುಗಿ ಗುರುತು ಹಾಕಿಕೊಂಡು ಮುಂದಿನವರತ್ತ ಸರಿದಳು.

ಅಕ್ಕ ಹೇಳಿದ್ದು ಸುಳ್ಳೇನಲ್ಲ. ಸಿಕ್ಕಿತ್ತಲ್ಲ, ಸಾಲಿನಲ್ಲಿ ಹಿಂದೆ ನಿಂತವಳಿಂದ! ಯಾರಿಂದ ಸಿಕ್ಕಿತು, ಏನು ಸಿಕ್ಕಿತು, ಅದನ್ನು ಇಟ್ಟುಕೊಂಡು ಏನು ಮಾಡುತ್ತೀರಿ ಎಂದು ಕೇಳಲು ನಿಮ್ಮ ಪ್ರಶ್ನಾವಳಿಯಲ್ಲಿ ಜಾಗ ಸಾಲಲಿಲ್ಲವೇ?

ಮಾತ್ರೆ ನುಂಗುತ್ತ ಹೋದಂತೆ ಅವಳ ಕೈ ಸಣ್ಣಗೆ ನಡುಗತೊಡಗಿತು. ಹೊಲಿಗೆ ಓರೆಯಾಯಿತು, ಗಿರಾಕಿಗಳು ಬಟ್ಟೆ ವಾಪಸು ತಂದರು. ಕೇಳೋಣವೆಂದು ವಿಚಾರಣಾ ಕೋಣೆಗೆ ಹೋದಳು. ಅಷ್ಟು ಹೊತ್ತಿಗೆ ಅವಳದೇ 'ಸಿಕ್ತು' ಸೇರಿಸಿ ನೀವು ಅದನ್ನು ಮುಚ್ಚಿಸಿ ಆಗಿತ್ತು. ಪರದೆಯ ಮುಂದೆ ನಿಂತಳು. ಅದು ಕೈ ತೊಳೆಯುವ ಬಗೆಯನ್ನು ತೋರಿಸುತ್ತಲೇ ಇತ್ತು. ಮನೆಗೆ ಬಂದವಳು ಯಾರಿಗೂ ಹೇಳದೆ ಮಾತ್ರೆ ಬಿಟ್ಟಳು. ಒಂದು ಮಧ್ಯಾಹ್ನ ಇಸ್ತ್ರಿ ಮಾಡುತ್ತಿದ್ದಾಗ ಫಿಟ್ಸ್ ಬಂತು. ಬಲಗೈ ಕಾದ ಇಸ್ತ್ರಿ ಪೆಟ್ಟಿಗೆಯಡಿ ಸಿಕ್ಕಿಕೊಂಡಿತು.

ವಾರ್ಡಿನಲ್ಲಿ ನಾನು ಕೇಳಿದೆ: "ಡಾಕ್ಟರನ್ನ ಒಂದು ಮಾತು ಕೇಳಬಾರದಿತ್ತೇನೇ?"

"ಹೇಗೆ ಕೇಳ್ಲಿ? ಅವರು ಜೀವ ಉಳಿಸೋ ಮಾತಾಡ್ತಿದ್ರು. ನಡುವೆ ನಾನು ಸೂಜಿಗೆ ದಾರ ಪೋಣಿಸೋ ವಿಷಯ ತೆಗೆದ್ರೆ ಏನಂದ್ಕೋತಾರೆ?"

"ಆ ಸಮೀಕ್ಷೆ ಹುಡುಗಿಗಾದ್ರೂ ಹೇಳಬಹುದಿತ್ತು."

"ಪಾಪ, ಬೆಳಿಗ್ಗೆಯಿಂದ ನಿಂತೇ ಇದ್ಲು ಕಣೇ. ಇಲ್ಲ ಅಂದಿದ್ರೆ ಬೇಜಾರು ಮಾಡ್ಕೋತಿದ್ಲು."

ಆಮೇಲೆ ಬಂದ ಡಾಕ್ಟರು ತಲೆ ತಗ್ಗಿಸಿ, "ಬೇರೆ ಮಾತ್ರೆ ಇತ್ತಮ್ಮ. ಗೊತ್ತಾಗಿದ್ರೆ ಬದಲಾಯಿಸ್ತಿದ್ದೆ" ಎಂದರು. ಗಾಯ ಮಾಯ್ದಿದೆ. ಹೆಬ್ಬೆರಳು, ತೋರುಬೆರಳು ಮಡಚುವುದಿಲ್ಲ. ಕತ್ತರಿ ಹಿಡಿಯಲು ಇವೆರಡೂ ಬೇಕೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲವಷ್ಟೆ.

ಇದನ್ನೆಲ್ಲ ಬರೆದು ತಿಳಿಸಿದಾಗ ನಿಮ್ಮ ಕಚೇರಿ ಉತ್ತರಿಸಿತು: "ಒಬ್ಬ ವ್ಯಕ್ತಿಯ ಅನುಭವವನ್ನು ದತ್ತಾಂಶವೆಂದು ಪರಿಗಣಿಸಲಾಗದು." ಹಾಗಾದರೆ ಅದೇ ಒಬ್ಬ ವ್ಯಕ್ತಿಯ 'ಸಿಕ್ತು' ಯಾವಾಗ ದತ್ತಾಂಶವಾಯಿತು, ಮಾನ್ಯರೇ? ಒಂದು ಪದ ನುಡಿದಾಗ ವಿಜ್ಞಾನ, ಹತ್ತು ವಾಕ್ಯ ನುಡಿದಾಗ ಗೋಳು, ಇದು ಯಾವ ಸಂಶೋಧನಾ ವಿಧಾನ? ಎಣಿಸುವುದು ಬೇಡವೆಂದು ಗಣಿತದವಳು ಹೇಳುವುದಿಲ್ಲ. ಏನನ್ನು ಎಣಿಸುತ್ತಿದ್ದೇವೆಂದು ತಿಳಿದು ಎಣಿಸಿ ಎನ್ನುತ್ತೇನೆ. ಮನುಷ್ಯರು ಕೇಳಲು ನಾಚುವ ಪ್ರಶ್ನೆಗಳಿರುತ್ತವೆ. ಅವು ಸಾಲಿನಲ್ಲಿ ನಿಂತವರ ಬಾಯಿಂದ ಹೊರಡುವುದಿಲ್ಲ.

ಕೋಣೆಯನ್ನು ತೆರೆಸಿ, ಅಲ್ಲಿ ಕೂರಲು ಜನರನ್ನು ನೇಮಿಸಿ. ಆ ವರದಿಯನ್ನು ಹಿಂಪಡೆಯಿರಿ. ಮುಂದಿನ ಅಧ್ಯಯನಕ್ಕೆ ಕೆಲವರ ಮನೆಗಾದರೂ ಹೋಗಿ, ಅವರು ದಿನ ಕಳೆಯುವುದನ್ನು ನೋಡಿ, ಸಮಯ ಕೊಟ್ಟು ಕೇಳಿ. ನಮ್ಮ ಮನೆಗೇ ಮೊದಲು ಬನ್ನಿ. ಅಕ್ಕ ನಿಮಗೆ ಕುರ್ಚಿ ಹಾಕಿ, ಎಲ್ಲ ಚೆನ್ನಾಗಿದೆ ಅನ್ನುತ್ತಾಳೆ. ಅಷ್ಟಕ್ಕೇ ಎದ್ದು ಹೊರಡಬೇಡಿ.

ಇಂತಿ,
ಶೇಕಡಾವಾರು ಪಾಠ ಮಾಡುವಾಗ ಈಗೀಗ ತಡವರಿಸುವ
ಒಬ್ಬ ಗಣಿತದ ಟೀಚರು