ಬಿಸ್ಕತ್ ಡಬ್ಬಿಯಲ್ಲಿ ಹದಿನೇಳು ಸಿಮ್

ಸೆಪ್ಟೆಂಬರ್ 10, ಮಧ್ಯಾಹ್ನ 1.20

ಹನ್ನೆರಡು ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಮುಗಿಸಿದೆ. ಊಟ ಇನ್ನೂ ಇಲ್ಲ. ಹದಿನೈದಕ್ಕೆ ಲಾಸ್ಟ್ ಡೇಟ್, ಆಫೀಸಿನಲ್ಲಿ ಎಲ್ಲರ ತಲೆ ಕೆಟ್ಟಿದೆ. ನಮ್ಮ ಆಡಿಟ್ ಫರ್ಮಿನ ಬೋರ್ಡಿನ ಮೇಲೆ ಮಾತ್ರ ದೊಡ್ಡ ಹೆಸರು — ಮುಂಬೈ, ಬೆಂಗಳೂರು, ಚಿಕ್ಕಮಗಳೂರು. ಒಳಗೆ ಬಂದು ನೋಡಿದರೆ ಒಂದು ಬಿಸ್ಕತ್ ಡಬ್ಬಿ, ಅದರಲ್ಲಿ ಹದಿನೇಳು ಸಿಮ್.

ಎಲ್ಲ ಕ್ಲೈಂಟ್‌ಗಳದ್ದು. ತೋಟದ ಮನೆಯಲ್ಲಿ ಟವರ್ ಸಿಗುವುದಿಲ್ಲ. ಓಟಿಪಿಗೆ ಗುಡ್ಡ ಹತ್ತಬೇಕು, ಹತ್ತುವಷ್ಟರಲ್ಲಿ ಅದರ ಟೈಮ್ ಮುಗಿದಿರುತ್ತದೆ. ಹಾಗಾಗಿ ಬೇರೆ ಕಂಪನಿಯ ಸಿಮ್ ತಗೊಂಡು, ಆಧಾರ್‌ಗೆ ಲಿಂಕ್ ಆದ ಹಳೆಯದನ್ನು ನಮ್ಮ ಕೈಗೇ ಕೊಟ್ಟು ಹೋಗುತ್ತಾರೆ. 'ನೀವೇ ನೋಡ್ಕೊಳಿ ಮಾರಾಯ್ರೇ' ಅಂತ. ಒಂದೊಂದಕ್ಕೂ ಹೆಸರಿನ ಚೀಟಿ ಅಂಟಿಸಿದ್ದೇನೆ. ಸಿಮ್ ಹಾಕು, ಓಟಿಪಿ ನೋಡು, ಸಬ್ಮಿಟ್ ಒತ್ತು, ಸಿಮ್ ತೆಗೆ. ಎರಡು ವರ್ಷ ಏಳು ತಿಂಗಳಿಂದ ಇದೇ ನನ್ನ ಆರ್ಟಿಕಲ್‌ಶಿಪ್, ಸಿಎ ಆಗಲು ಮಾಡಲೇಬೇಕಾದ ಟ್ರೇನಿಂಗ್. ಟ್ಯಾಕ್ಸ್ ಕಲಿಯಲು ಬಂದವಳು ಸಿಮ್ ಬದಲಿಸುವುದರಲ್ಲಿ ಎಕ್ಸ್‌ಪರ್ಟ್ ಆಗಿದ್ದೇನೆ.

ಸೆಪ್ಟೆಂಬರ್ 12, ಬೆಳಿಗ್ಗೆ 11

ಸರ್ವಮಂಗಳಾ ಟೀಚರ್ ಸರದಿ. ಹೊರನಾಡಿನ ಹತ್ತಿರದವರು, ರಿಟೈರ್ಡ್ ಪ್ರೈಮರಿ ಟೀಚರ್. ಪೆನ್ಷನ್, ಜೊತೆಗೆ ಎರಡೆಕರೆ ಕಾಫಿ. ತೆರಿಗೆ ಇಲಾಖೆಯ ಪೋರ್ಟಲ್ ತೆರೆದೆ. ಒಂದು ನೋಟಿಸ್ ಕೂತಿದೆ. ಕಳೆದ ವರ್ಷ ನೀವು ಒಂದು ರಾಜಕೀಯ ಪಕ್ಷಕ್ಕೆ ಎರಡು ಲಕ್ಷ ದೇಣಿಗೆ ಕೊಟ್ಟಿದ್ದೀರಿ, ರಸೀದಿ ತೋರಿಸಿ. ಉತ್ತರಕ್ಕೆ ಸೆಪ್ಟೆಂಬರ್ 26 ಕೊನೆ. ಬಂದಿದ್ದು ಜುಲೈನಲ್ಲಿ!

ಎರಡು ಲಕ್ಷ? ಟೀಚರ್ ಕಂಡಕ್ಟರ್ ಜೊತೆ ಚಿಲ್ಲರೆಗೆ ಜಗಳ ಆಡುವವರು. ಪಕ್ಷದ ಹೆಸರು ನಾನಂತೂ ಕೇಳಿಯೇ ಇಲ್ಲ. ಪಕ್ಷಕ್ಕೆ ಕೊಟ್ಟ ಹಣಕ್ಕೆ ತೆರಿಗೆ ಇಲ್ಲ, ಹಾಗಾಗಿ ಸುಳ್ಳು ದೇಣಿಗೆ ತೋರಿಸಿ ರಿಫಂಡ್ ತರಿಸಿದ್ದು. ಇನ್ನು ತೆರಿಗೆ, ಬಡ್ಡಿ, ಮೇಲೆ ದಂಡ, ಎಲ್ಲ ಟೀಚರ್ ತಲೆಗೆ. ಇಲಾಖೆಯವರು ಮೆಸೇಜ್ ಕಳಿಸಿರುತ್ತಾರೆ — ಬಿಸ್ಕತ್ ಡಬ್ಬಿಗೆ.

ಕಳೆದ ವರ್ಷದ ಫೈಲ್ ತೆಗೆದೆ. ದೇಣಿಗೆಯ ಅಂಕಿ ನಮ್ಮ ಬಾಸ್ ರೇಣುಕಪ್ರಸಾದ್ ಸರ್ ಕೈಬರಹದಲ್ಲಿದೆ. ಟೈಪ್ ಮಾಡಿ ಓಟಿಪಿ ಹಾಕಿದ್ದು ನಾನು. ಆ ದಿನ ಮೂವತ್ತೊಂದು ರಿಟರ್ನ್ ಇತ್ತು, ಯಾವುದನ್ನೂ ಓದಿರಲಿಲ್ಲ.

ಅದೇ ದಿನ, ಸಂಜೆ 6

ಸರ್‌ಗೆ ಹೇಳಿದೆ. ಇಲ್ಲಿನ ಪಾರ್ಟ್‌ನರ್ ಅವರೇ, ನನ್ನ ಟ್ರೇನಿಂಗಿನ ಹೊಣೆ ಹೊತ್ತ ಪ್ರಿನ್ಸಿಪಾಲೂ ಅವರೇ. ಅವರ ಸಹಿ ಇಲ್ಲದೆ ಜನವರಿಯ ಸಿಎ ಫೈನಲ್ ಪರೀಕ್ಷೆಗೆ ಕೂರುವ ಹಾಗಿಲ್ಲ.

'ಗೊತ್ತಮ್ಮ. ಜುಲೈನಲ್ಲೇ ಮೇಲ್ ನೋಡಿದ್ದೆ.'

'ಟೀಚರ್‌ಗೆ ಹೇಳಿದ್ರಾ ಸರ್?'

'ಹೇಳಿ ಏನ್ಮಾಡೋದು? ಹೆದ್ರುಕೊಳ್ತಾರೆ ಪಾಪ. ರಿಫಂಡ್ ಬಂದಾಗ ಖುಷಿಯಾಗಿ ತಗೊಂಡ್ರಲ್ಲ, ಆಗ ಏನಾದ್ರೂ ಕೇಳಿದ್ರಾ?'

ಹೆದರಿಕೊಳ್ಳುತ್ತಾರಂತೆ ಪಾಪ! ಆ ರಿಫಂಡಿನಲ್ಲಿ ಪಾಲು ತಗೊಂಡವರು ಯಾರು? ಮೈಯೆಲ್ಲ ಉರಿದುಹೋಯಿತು. ಅಂದಿದ್ದು ಮಾತ್ರ 'ಸರಿ ಸರ್'. ಥೂ, ನನ್ನ ಬಾಯಿಗೆ.

ಸೆಪ್ಟೆಂಬರ್ 17

ಸೀಸನ್ ಮುಗಿದ ಖುಷಿಗೆ ಆಫೀಸಿನಲ್ಲಿ ಮೈಸೂರು ಪಾಕ್. ಆಮೇಲೆ ಸರ್ ಕ್ಯಾಬಿನ್‌ಗೆ ಕರೆದರು. ಮೇಜಿನ ಮೇಲೆ ಎರಡು ಕಾಗದ. ಒಂದು ನನ್ನ ಸ್ಟಡಿ ಲೀವ್ ಫಾರ್ಮ್, ಅವರು ಸಹಿ ಹಾಕಬೇಕಾದ್ದು. ಇನ್ನೊಂದಕ್ಕೆ ಸಹಿ ಹಾಕಬೇಕಾದವಳು ನಾನು. 'ಭುವನಾ ಆದ ನಾನು, ಯಾರ ಗಮನಕ್ಕೂ ತಾರದೆ, ಅಜಾಗರೂಕತೆಯಿಂದ ತಪ್ಪು ಅಂಕಿ ನಮೂದಿಸಿ...'

'ನೀನು ನನ್ನ ಮಗಳಿದ್ದ ಹಾಗೆ. ಆರ್ಟಿಕಲ್ಸ್ ತಪ್ಪು ಮಾಡೋದು ಸಹಜ, ಯಾರೂ ದೊಡ್ಡದು ಮಾಡಲ್ಲ. ಇಪ್ಪತ್ತೈದಕ್ಕೆ ಕೊಡು, ನಾನೂ ನಿನ್ನ ಫಾರ್ಮಿಗೆ ಹಾಕಿ ಕೊಡ್ತೀನಿ.'

'ಟೀಚರ್‌ದು ಸರ್?'

'ದಂಡ ಬಂದ್ರೆ ಕಟ್ಕೊಳ್ತಾರೆ. ಪೆನ್ಷನ್ ಇದೆಯಲ್ಲ.'

ಸ್ವಂತ ಮಗಳ ಹತ್ತಿರ ಹೀಗೆ ಸಹಿ ಹಾಕಿಸಿಕೊಳ್ಳುತ್ತಾರಾ ಇವರು? ಜೊತೆಯ ಆರ್ಟಿಕಲ್ ಅಭಿಷೇಕ್ ಬುದ್ಧಿ ಹೇಳಲು ಬಂದ — 'ಹಾಕ್ಬಿಡೇ ಮಾರಾಯ್ತಿ, ಪರೀಕ್ಷೆ ಮುಖ್ಯ.' ಅವನ ಫಾರ್ಮಿಗೆ ಸಹಿ ಆಗಿದೆ. ಅವನಿಗೇನು.

ಸೆಪ್ಟೆಂಬರ್ 21, ಭಾನುವಾರ

ಟೀಚರ್ ಮನೆಗೆ ಹೋಗಿ ಬಂದೆ. ಕಳಸದಲ್ಲಿ ಬಸ್ ಬದಲಿಸಿ, ಆಮೇಲೆ ಅರ್ಧ ಗಂಟೆ ನಡೆದು. ನೋಟಿಸ್ ಓದಿ ಹೇಳಿದೆ. ಟೀಚರ್ ಕನ್ನಡಕ ಒರೆಸಿಕೊಂಡರು. ಕಳೆದ ವರ್ಷದ ರಿಟರ್ನ್ ಒಂದೊಂದೇ ಸಾಲು ಓದಿಸಿದರು.

'ನಾನು ಕೊಟ್ಟೆ ಅಂತ ಒತ್ತಿದ್ದು ಯಾರು?'

ಸರ್ ಹೆಸರು ನಾಲಿಗೆ ತುದಿಗೆ ಬಂದಿತ್ತು. ಅಂಕಿ ಅವರದ್ದು ಅಂದೆ. ಟೀಚರ್ ಕೈ ಅಡ್ಡ ಹಿಡಿದರು.

'ಅವ್ರದ್ದು ಆಮೇಲೆ. ಒತ್ತಿದ್ದು ಯಾರು ಅಂದೆ.'

'ನಾನು.'

'ಒತ್ತೋ ಮುಂಚೆ ಓದಿದ್ಯಾ?'

'ಇಲ್ಲ ಟೀಚರ್.'

'ನಾನೂ ಓದ್ಲಿಲ್ಲ. ಸಿಮ್ಮು ಕೊಟ್ಟು ನೆಮ್ಮದಿಯಾಗಿದ್ದೆ. ಪ್ರಶ್ನೆ ಪೂರ್ತಿ ಓದಿ ಉತ್ತರ ಬರೀರೋ ಅಂತ ಮೂವತ್ತೈದು ವರ್ಷ ಬಾಯಿ ಬಡ್ಕೊಂಡೋಳು ನಾನು.'

ಟೀಚರ್ ರಿಟರ್ನಿನ ಹಾಳೆ ಮಡಚಿಟ್ಟರು.

'ಬಂದ ದುಡ್ಡು ವಾಪಸ್ ಕಟ್ತೀನಿ. ಅದು ನಂದಲ್ಲ. ಆದ್ರೆ ನಡೆದಿದ್ದು ನಡೆದ ಹಾಗೇ ನೀನು ಬರ್ದು ಕೊಡ್ಬೇಕು. ಕೊಡದಿದ್ರೆ ಈ ವಯಸ್ಸಲ್ಲಿ ನಾನು ಕಳ್ಳಿ ಆಗ್ತೀನಿ ಕಣೇ.'

ಹೊರಡುವವರೆಗೂ ಕಾಫಿ ಕುಡೀತೀಯಾ ಅಂತ ಕೇಳಲಿಲ್ಲ. ಈ ಸೀಮೆಯಲ್ಲಿ ಕಾಫಿ ಕೇಳದ ಮನೆ ನಾನು ನೋಡಿದ್ದು ಇದೇ ಮೊದಲು. ಬಸ್ಸಿನಲ್ಲಿ ಪೂರ್ತಿ ಅತ್ತೆ. ಸರ್ ಮೇಲಿನ ಸಿಟ್ಟಿಗೇ ಅಂದುಕೊಂಡಿದ್ದೆ. ಅಲ್ಲ, ನನ್ನ ಮೇಲೂ ಇತ್ತು.

ಸೆಪ್ಟೆಂಬರ್ 24

ಮೂಡಿಗೆರೆಗೆ, ಮನೆಗೆ ಫೋನ್ ಮಾಡಿದೆ. ಅಪ್ಪ ಅಂಗಡಿಯಲ್ಲಿದ್ದರು, ಗಿರಾಕಿ ಗಲಾಟೆ. 'ಲೀವ್ ಸಿಕ್ತೇನಮ್ಮ? ಪರೀಕ್ಷೆ ಆದ್ಮೇಲೆ ನಿನ್ನ ಹೆಸರಿಗೆ ಸಿಎ ಅಂತ ಬೋರ್ಡ್ ಬರೆಸೋಣ.' ಹೂಂ ಅಂದೆ.

ಒಂದು ಸಹಿ. ಹಾಕಿದರೆ ಜನವರಿ ನನ್ನದು. ಯಾರಿಗೆ ಗೊತ್ತಾಗುತ್ತದೆ...

ಸೆಪ್ಟೆಂಬರ್ 25, ಸಂಜೆ 5.40, ಆಫೀಸ್

ಟೀಚರ್ ಬರೆದು ಕೊಡು ಅಂದಿದ್ದನ್ನು ನಾಲ್ಕು ಸಲ ಬರೆದೆ. ಮೊದಲನೆಯದು ಎರಡು ಪುಟ, ಪೂರ್ತಿ ಸರ್‌ಗೆ ಬೈಗುಳ. ಹರಿದೆ. ಎರಡನೆಯದರಲ್ಲಿ ನಾನು ಅನ್ನುವವಳೇ ಇರಲಿಲ್ಲ, ಎಲ್ಲ ತಾನಾಗೇ ನಡೆದ ಹಾಗಿತ್ತು. ಅದನ್ನೂ ಹರಿದೆ. ಕೊನೆಗೆ ಉಳಿದಿದ್ದು ಮೂರು ಸಾಲು. ಸುಳ್ಳು ದೇಣಿಗೆಯ ಅಂಕಿ ಕೊಟ್ಟವರು ನನ್ನ ಪ್ರಿನ್ಸಿಪಾಲ್ ರೇಣುಕಪ್ರಸಾದ್. ಓದದೆ ಓಟಿಪಿ ಹಾಕಿ ಸಲ್ಲಿಸಿದವಳು ನಾನು. ಇದು ಯಾವುದೂ ಟೀಚರ್‌ಗೆ ಗೊತ್ತಿರಲಿಲ್ಲ, ನೋಟಿಸನ್ನೂ ಅವರಿಗೆ ತಿಳಿಸಲಿಲ್ಲ.

ಫೋನಿನಲ್ಲಿ ಟೀಚರ್‌ಗೆ ಓದಿ ಹೇಳಿದೆ. ಎರಡು ಸಲ ಲೈನ್ ಕಟ್ ಆಯಿತು, ಎರಡು ಸಲವೂ ಮೊದಲಿಂದ ಓದಿಸಿದರು. 'ಕಳ್ಸು' ಅಂದರು. ಸಹಿ ಹಾಕಿ, ಸ್ಕ್ಯಾನ್ ಮಾಡಿ, ನೋಟಿಸಿಗೆ ಅವರ ಉತ್ತರದ ಜೊತೆ ಇಲಾಖೆಗೆ ಕಳಿಸಿದೆ.

ಈಗಷ್ಟೇ ಸರ್ ನನ್ನ ಟೇಬಲ್ ಹತ್ತಿರ ಬಂದರು. ಕೈಯಲ್ಲಿ ನನ್ನ ಲೀವ್ ಫಾರ್ಮ್, ಪೆನ್ನು ತೆರೆದೇ ಇದೆ.

'ಸೈನ್ ಆಯ್ತೇನಮ್ಮ?'

'ಆಯ್ತು ಸರ್.'

'ಗುಡ್. ನೋಡು, ಸುಮ್ನೆ ತಲೆಬಿಸಿ ಮಾಡ್ಕೊಂಡಿದ್ದೆ.'

ನನ್ನ ಕಾಗದ ಕೊಟ್ಟೆ. ನಿಂತೇ ಓದುತ್ತಿದ್ದಾರೆ. ನಾನು ತಲೆ ಎತ್ತದೆ ಇಲ್ಲಿ ಬರೆಯುತ್ತಿದ್ದೇನೆ, ಎತ್ತಿದರೆ ಏನಾದರೂ ಅಂದುಬಿಡುತ್ತೇನೆ. ಪೆನ್ನಿನ ಕ್ಯಾಪ್ ಮುಚ್ಚಿದ ಸದ್ದು. 'ಇದು ಕಳ್ಸಿಲ್ಲ ತಾನೆ?' ಅಂತಿದ್ದಾರೆ. ದನಿ ಸಣ್ಣಗಾಗಿದೆ. 'ಭುವನಾ, ಕೇಳ್ತಿದೀನಿ, ಇದು ಕಳ್ಸಿಲ್ಲ —'