ಮಗುವಿನ ಕಡೆಯವಳು

ಮಾರ್ಚ್ 4, ಬೆಳಿಗ್ಗೆ

ನಮ್ಮ ಇಲಿಮರಿ, ಮಗಳ ಹಸುಗೂಸು, ಇಪ್ಪತ್ತು ಗ್ರಾಂ ಏರಿದೆ. ಮನೆಗೆ ಬಂದಮೇಲೆ ಮೊದಲ ಏರಿಕೆ. ನಂಬದೆ ಇನ್ನೊಮ್ಮೆ ತೂಗಿದೆ. ನವಜಾತ ಶಿಶುಗಳ ವಾರ್ಡಿನಲ್ಲಿ ಅಂಗೈಯಗಲದ ಕೂಸುಗಳನ್ನು ಎತ್ತಿ ಎತ್ತಿ ತಲೆ ನರೆತವಳು ನಾನು. ಸ್ವಂತ ಮೊಮ್ಮಗಳು ಎಂದಾಕ್ಷಣ ಕಲಿತದ್ದೆಲ್ಲ ನೀರುಪಾಲು. ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತೇನೆ. ವಾರ್ಡಿನಲ್ಲಿ ಯಾವ ಅಜ್ಜಿಯಾದರೂ ಹೀಗೆ ಮಾಡಿದ್ದರೆ ಗದರಿ ಹೊರಗೆ ಕಳಿಸುತ್ತಿದ್ದೆ.

ಮಗಳು ಎದ್ದು ಬಂದಳು. ಮುಖ ದಪ್ಪಗಾಗಿದೆ. ನಿದ್ದೆಗೆಟ್ಟ ಮುಖ.

"ಹಾಲು ಬಂತಾ?" ಎಂದೆ.

"ಗುಡ್ ಮಾರ್ನಿಂಗ್ ಅಮ್ಮ" ಎಂದಳು. ಕೊಂಕು. ಯಾರ ಮಗಳು!

ನಮ್ಮವರ ಬಿಪಿ 138/86. ದಿನಾ ಪೇಪರ್ ಬಿಡಿಸುವ ಮೊದಲೇ ತೋಳು ಚಾಚಿಕೊಂಡು ಕೂತಿರುತ್ತಾರೆ. ಎರಡು ಅಂಕಿ ಏರಿತೋ, ಅವತ್ತು ಮನೆಮಂದಿಗೆಲ್ಲ ಸಪ್ಪೆ ಊಟ.

ಮಾರ್ಚ್ 5

ಹೊಟ್ಟೆ ತುಂಬುವ ಮೊದಲೇ ಇಲಿಮರಿಗೆ ಸುಸ್ತು. ನಾಲ್ಕು ಸಲ ಚೀಪಿ ಕಣ್ಣು ಮುಚ್ಚುತ್ತದೆ. ಅಂಗಾಲು ತಟ್ಟಿ, ಕಿವಿ ಸವರಿ ಎಬ್ಬಿಸಬೇಕು. ಮಗಳ ಕೈಯಲ್ಲಿ ಅದಾಗದು, ಅಯ್ಯೋ ಪಾಪ ಎಂದು ಬಿಟ್ಟುಬಿಡುತ್ತಾಳೆ. ಅದಕ್ಕೇ ನಾನು ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂರುವುದು.

"ಅಮ್ಮ, ಇದು ಮನೆಯಾ, ವಾರ್ಡಾ? ನಾನೇನು ಹಾಲಿನ ಡಬ್ಬಾನಾ?"

"ಸದ್ಯಕ್ಕೆ ಹೌದು" ಎಂದೆ. ನಕ್ಕಳು. ಅರ್ಧ ನಗು.

ಉಂಗುರ ಬೆರಳಿಗೆ ಕಚ್ಚಿಕೊಂಡಿತ್ತು. ಸೋಪು ಹಚ್ಚಿ ಜಾರಿಸಿದೆ. ಹೆರಿಗೆಯಾದ ಮೈ, ನೀರಿಳಿಯಲು ದಿನ ಹಿಡಿಯುತ್ತದೆ. ಎಲ್ಲರಿಗೂ ಇರುವುದೇ.

ಮಾರ್ಚ್ 6, ಮಧ್ಯಾಹ್ನ

ಇಲಿಮರಿಯ ಹಣೆ ಒತ್ತಿ ನೋಡಿದೆ — ಹಳದಿಯೇ? ಕಿಟಕಿ ಹತ್ತಿರ ಒಯ್ದು ಇನ್ನೊಮ್ಮೆ ಒತ್ತಿದೆ. ಮೂಗಿನ ತುದಿ, ಎದೆ, ಹೊಟ್ಟೆ. ಕಾಮಾಲೆ ಏರಿದರೆ ಮತ್ತೆ ಅಡ್ಮಿಟ್, ಮತ್ತೆ ಆ ನೀಲಿ ದೀಪದ ಕೆಳಗೆ ಕಣ್ಣು ಕಟ್ಟಿ ಮಲಗಿಸುವುದು... ಬೇಡಪ್ಪ.

ಮಗಳಿಗೆ ತಲೆನೋವಂತೆ. "ಸಿಡೀತಿದೆ ಅಮ್ಮ."

"ಮಗು ಮಲಗಿದಾಗ ನೀನೂ ಮಲಗು ಅಂತ ಬಡ್ಕೊಂಡೆ. ಫೋನ್ ನೋಡ್ತಾ ಕೂತ್ಕೋ ನೀನು."

ಮಾತ್ರೆ ಕೊಟ್ಟೆ. ಹಾಲಿಗೆ ತೊಂದರೆಯಿಲ್ಲದ್ದೇ ಕೊಟ್ಟೆ.

ಮಾರ್ಚ್ 7

ಹಳದಿ ಏರಿಲ್ಲ. ನಮ್ಮ ವಾರ್ಡಿನ ಡಾಕ್ಟರಿಗೆ ಫೋಟೋ ಕಳಿಸಿದೆ. "ಸಿಸ್ಟರ್, ನೀವೇ ಹೀಗೆ ಹೆದರಿದ್ರೆ ಹೇಗೆ?" ಎಂದು ನಕ್ಕರು. ನಗಲಿ.

ಮಗಳು ಕರ್ಟನ್ ಎಳೆದಳು. ತೆರೆದೆ. ಮತ್ತೆ ಎಳೆದಳು. ಬೆಳಕು ಕಣ್ಣಿಗೆ ಚುಚ್ಚುತ್ತದಂತೆ. ಮಗುವಿನ ಬಣ್ಣ ನೋಡುವುದು ಹೇಗೆ ಮತ್ತೆ? ಅಮ್ಮ-ಮಗಳ ಹಗ್ಗಜಗ್ಗಾಟ. ಗೆದ್ದವಳು ನಾನು.

ಮಾರ್ಚ್ 10. ಐಸಿಯು ಹೊರಗಿನ ಬೆಂಚು

ಪೆನ್ನು ಹಿಡಿಯಲಾಗುತ್ತಿಲ್ಲ. ಆದರೂ ಬರೆಯಬೇಕು, ಇಲ್ಲದಿದ್ದರೆ ತಲೆ ಕೆಡುತ್ತದೆ.

ನಿನ್ನೆ ಬೆಳಿಗ್ಗೆ ಎಂದಿನಂತೆ ನಮ್ಮವರಿಗೆ ಬಿಪಿ ಪಟ್ಟಿ ಸುತ್ತುತ್ತಿದ್ದೆ. ಮಗಳು ಬಂದು ಮೇಜಿಗೆ ತಲೆ ಆನಿಸಿ ಕೂತಳು. ಇವರು ತಮಾಷೆಗೆ, "ಬಾಮ್ಮ ಇಲ್ಲಿ, ನಂದು ಜಾಸ್ತಿನಾ ನಿಂದು ಜಾಸ್ತಿನಾ ನೋಡೇಬಿಡೋಣ" ಎಂದರು. ನಾನು ಬೈದೆ — ಮಗುವಿಗೆ ಹಾಲು ಕುಡಿಸುವ ಹೊತ್ತು, ಆಟ ಸಾಕು. ಇವರು ಕೇಳಲಿಲ್ಲ. ತಮ್ಮ ತೋಳಿನದನ್ನು ಬಿಚ್ಚಿ ಅವಳಿಗೆ ಸುತ್ತಿದರು.

176/112.

"ಮಿಷನ್ ಕೆಟ್ಟಿದೆ" ಎಂದೆ. ಅದು ನನ್ನ ಬಾಯಿಂದ ಬಂದ ಮೊದಲ ಮಾತು. ನನ್ನ ತೋಳಿಗೆ ಕಟ್ಟಿಕೊಂಡೆ. ಸರಿಯಿತ್ತು. ಮತ್ತೆ ಅವಳಿಗೆ. ಇನ್ನೂ ಮೇಲೆ.

ಆಗ ನೋಡಿದೆ ಅವಳನ್ನು. ಮುಖ, ಬೆರಳು, ಪಾದ. ಚಪ್ಪಲಿಯೊಳಗೆ ಹಿಡಿಸದ ಪಾದ. ಹೆರಿಗೆಯಲ್ಲಿ ಬಿಪಿ ಸರಿಯಿತ್ತು, ಡಿಸ್ಚಾರ್ಜಿನಲ್ಲೂ ಸರಿಯಿತ್ತು. ಆಮೇಲೂ ಏರಬಹುದು ಎನ್ನುವುದನ್ನು ಓದಿದ್ದೇನೆ, ಹೊಸ ಹುಡುಗಿಯರಿಗೆ ಪಾಠವನ್ನೂ ಹೇಳಿದ್ದೇನೆ. ಮಿಷನ್ ದಿನಾ ಅವಳ ಕಣ್ಣೆದುರೇ ಗುರ್ ಎನ್ನುತ್ತಿತ್ತು. ಒಂದು ದಿನವೂ ಅವಳಿಗೆ ಕಟ್ಟಬೇಕೆಂದು ಹೊಳೆಯಲಿಲ್ಲ ನನಗೆ.

ಕ್ಯಾಶುಯಲ್ಟಿ ಬಾಗಿಲು ದಾಟುತ್ತಿದ್ದಂತೆ ಫಿಟ್ಸ್ ಬಂತು. ಸ್ಟ್ರೆಚರ್ ಮೇಲೆ. ನನ್ನ ಹಿಡಿತದಿಂದ ಅವಳ ಕೈ ಕಿತ್ತುಕೊಂಡು ಹೋಯಿತು.

ಡ್ಯೂಟಿಯಲ್ಲಿದ್ದವಳು ನಾನೇ ಪಳಗಿಸಿದ ಹುಡುಗಿ. "ಸಿಸ್ಟರ್, ತಲೆನೋವು ಯಾವಾಗಿಂದ? ಕಣ್ಣು ಮಂಜಾಗಿತ್ತಾ? ಹೊಟ್ಟೆ ಮೇಲ್ಭಾಗ ನೋವಿತ್ತಾ? ಯೂರಿನ್ ಸರಿಯಾಗಿ ಹೋಗ್ತಿತ್ತಾ?"

ಇಲಿಮರಿ ಎಷ್ಟು ಸಲ ಒದ್ದೆ ಮಾಡಿದೆ ಎಂದು ಕೇಳಿದ್ದರೆ ಪಟಪಟನೆ ಹೇಳುತ್ತಿದ್ದೆ.

"ಗೊತ್ತಿಲ್ಲಮ್ಮ" ಎಂದೆ.

"ಪೇಷೆಂಟ್ ಕಡೆಯವರು ಹೊರಗಿರಿ, ಪ್ಲೀಸ್." ಎಷ್ಟು ಜನರಿಗೆ ನಾನು ಇದನ್ನೇ ಹೇಳಿಲ್ಲ! ಬಾಗಿಲು ಮುಚ್ಚಿತು.

ಮಾರ್ಚ್ 10, ಸಂಜೆ

ಫಿಟ್ಸ್ ತಡೆಯುವ ಡ್ರಿಪ್ ಓಡುತ್ತಿದೆ. ಇನ್ನೊಂದು ಸಲ ಬಂದಿಲ್ಲ. ಆದರೆ ಬಿಪಿ ಹಟ ಹಿಡಿದಿದೆ, ಇಳಿದಂತೆ ಮಾಡಿ ಮತ್ತೆ ಏರುತ್ತದೆ. ಮಿದುಳಿಗೆ ಏನೂ ಆಗಿಲ್ಲ ತಾನೇ ಎಂದು ಕೇಳಿದೆ. "ಸ್ಕ್ಯಾನ್ ರಿಪೋರ್ಟ್ ಬರಲಿ" ಎಂದರು ಡಾಕ್ಟರ್. ಆ ಮಾತು ಹೇಳುವಾಗಿನ ಮುಖ ನನಗೆ ಗೊತ್ತು. ನಾನೂ ಇಟ್ಟುಕೊಳ್ಳುವ ಮುಖ ಅದೇ.

ಅಳಿಯ ಬಂದ. ಕೆಲಸದ ಮೇಲೆ ಬೇರೆ ಊರಲ್ಲಿದ್ದವನು, ಬಟ್ಟೆಯೂ ಬದಲಾಯಿಸದೆ ಬಂದಿದ್ದಾನೆ. ಪಕ್ಕದಲ್ಲಿ ಕೂತ.

"ನನ್ನ ಹತ್ರ ಹೇಳಿದ್ಲು ಅತ್ತೆ, ಫೋನಲ್ಲಿ. ತಲೆನೋವು ಹೋಗ್ತಿಲ್ಲ, ಕಣ್ಮುಂದೆ ಮಿಂಚಿದ ಹಾಗಾಗುತ್ತೆ ಅಂತ. ಮನೇಲೇ ನರ್ಸ್ ಇದ್ದಾರಲ್ಲೇ, ಅಮ್ಮಂಗೆ ಹೇಳು ಅಂದೆ."

"ಏನಂದ್ಲು?"

ಅವನು ನೆಲ ನೋಡಿದ. "ಹೇಳಿದ್ರೆ ಹಾಲು ಬಂತಾ ಅಂತ ಕೇಳ್ತಾರೆ ಅಂದ್ಲು."

ಅಳು ಬಂತು. ಅಳಿಯನ ಎದುರು, ವಾರ್ಡ್ ಬಾಯ್‌ಗಳ ಎದುರು, ಎಲ್ಲರೆದುರು ಅತ್ತುಬಿಟ್ಟೆ.

ಮಾರ್ಚ್ 11

ಸ್ಕ್ಯಾನ್ ಕ್ಲಿಯರ್. ರಿಪೋರ್ಟನ್ನು ಕೈಗೆ ತೆಗೆದುಕೊಂಡು ಎರಡು ಸಲ ಓದಿದೆ.

ಇಲಿಮರಿ ನನ್ನ ವಾರ್ಡಿನಲ್ಲೇ ಇದೆ, ಜೊತೆ ಕೆಲಸದವರ ಕೈಯಲ್ಲಿ. ಅವರಲ್ಲೊಬ್ಬಳು ಬಂದು "ತೂಕ ಕೇಳಲ್ವಾ?" ಎಂದಳು. ಕೇಳಬೇಕೆಂದೇ ಅನ್ನಿಸಿರಲಿಲ್ಲ. ಪಾಪ ಕೂಸು, ಅದರದ್ದೇನು ತಪ್ಪು.

ಐದು ನಿಮಿಷ ಒಳಗೆ ಬಿಟ್ಟರು. ಮಗಳು ಕಣ್ಣು ಬಿಟ್ಟಿದ್ದಳು. ತುಟಿ ಒಡೆದಿದೆ, ನಾಲಿಗೆ ಕಚ್ಚಿಕೊಂಡಿದ್ದಾಳೆ.

"ಮಗು ಕುಡೀತಾ?" ಎಂದಳು. ಮೊದಲ ಮಾತೇ ಅದು. ನಾನು ಕಲಿಸಿದ ಪಾಠ!

"ಅದಿರ್ಲಿ. ನಿನ್ನ ತಲೆ ಹೇಗಿದೆ?"

ನನ್ನನ್ನೇ ನೋಡಿದಳು. "ಪರವಾಗಿಲ್ಲ."

ಮಾರ್ಚ್ 15. ಮನೆ

ಡಿಸ್ಚಾರ್ಜ್. ದಿನಕ್ಕೆ ಮೂರು ಹೊತ್ತು ಮಾತ್ರೆ, ಎರಡು ಹೊತ್ತು ಬಿಪಿ. ಡಾಕ್ಟರ್ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಇನ್ನೂ ಕೆಲವು ವಾರ ಹುಷಾರು ಸಿಸ್ಟರ್. ಬರೀ ಅಂಕಿ ನೋಡ್ಕೊಂಡು ಕೂರಬೇಡಿ. ತಲೆನೋವು, ಕಣ್ಣು ಮಂಜು, ಏನೇ ಆದ್ರೂ ಅವರೇ ಬಾಯಿಬಿಟ್ಟು ಹೇಳ್ಬೇಕು. ತಕ್ಷಣ ಹೇಳ್ಬೇಕು."

ಅದೇ ನನ್ನ ಹೆದರಿಕೆ. ಹೇಳುತ್ತಾಳೆಯೇ?

ಊಟ ಸೇರಿತಾ — ಪರವಾಗಿಲ್ಲ. ನಿದ್ದೆ ಬಂತಾ — ಪರವಾಗಿಲ್ಲ. ತಲೆ? ಪರವಾಗಿಲ್ಲ ಅಮ್ಮ. ಮುಖದ ಮೇಲೆ ಬಾಗಿಲು ಹಾಕಿದ ಹಾಗೆ. ಮೆತ್ತಗೆ, ಸದ್ದಾಗದ ಹಾಗೆ ಹಾಕುತ್ತಾಳೆ, ಅಷ್ಟೇ.

ಮಾರ್ಚ್ 17

ಇವತ್ತು ಹೇಳಿಬಿಟ್ಟೆ. ಬಟ್ಟೆ ಮಡಿಸುತ್ತಾ, ಅವಳ ಮುಖ ನೋಡದೆ.

"ನೀನು ನೋವು ಅಂದಾಗ ನಾನು ಕೇಳಿಸ್ಕೊಳ್ಳಲಿಲ್ಲ. ನಿನ್ನ ಅಮ್ಮನಾಗಿ ಇರಬೇಕಿತ್ತು, ಮಗುವಿನ ನರ್ಸ್ ಆಗಿಬಿಟ್ಟೆ. ತಪ್ಪಾಯ್ತು ಕಣೇ."

ಅವಳು ಒಂದು ಪುಟಾಣಿ ಅಂಗಿಯನ್ನು ಮಡಿಸಿದಳು, ಬಿಚ್ಚಿದಳು, ಮಡಿಸಿದಳು.

"ಚಿಕ್ಕವಳಿದ್ದಾಗ್ಲೂ ಹೀಗೇ ಅಮ್ಮ. ನಂಗೆ ಜ್ವರ ಬಂದ್ರೆ, ನಮ್ಮ ವಾರ್ಡಲ್ಲಿ ಇದಕ್ಕಿಂತ ಕಷ್ಟದ ಮಕ್ಕಳಿದ್ದಾರೆ ಅಂತಿದ್ದೆ."

ನಿಜವೇ. ಹಾಗೇ ಹೇಳುತ್ತಿದ್ದೆ, ಸಮಾಧಾನ ಮಾಡುತ್ತಿದ್ದೇನೆ ಅಂದುಕೊಂಡು.

ಅವಳು ಎದ್ದು ಒಳಗೆ ಹೋದಳು. ಸಿಟ್ಟೋ, ದಣಿವೋ ತಿಳಿಯದು. ನಮ್ಮವರು ಪೇಪರಿನ ಹಿಂದಿನಿಂದ, "ಬಾಯಿಬಿಟ್ಟು ಬೈದ್ಲಲ್ಲ, ಒಳ್ಳೇದಾಯ್ತು ಬಿಡು" ಎಂದರು. ಮಹಾ ಬುದ್ಧಿವಂತರು.

ಮಾರ್ಚ್ 19, ಬೆಳಿಗ್ಗೆ

ಬಿಪಿ 142/90. ಪರವಾಗಿಲ್ಲ ಎನ್ನುವ ಹಾಗೆ — ಥೂ, ನನಗೂ ಅದೇ ಮಾತು ಬಂತು. ನಿನ್ನೆಗಿಂತ ತುಸು ಜಾಸ್ತಿಯೇ. ಹಾಲು ಕುಡಿಸಿ ಮಲಗಿದ್ದಾಳೆ. ಪಕ್ಕದ ಕೋಣೆಯಲ್ಲಿ ಕೂತಿದ್ದೇನೆ, ಬಾಗಿಲು ತೆರೆದೇ ಇದೆ. ಮಗ್ಗಲು ಬದಲಿಸುವ ಸದ್ದಿಗೂ ಪೆನ್ನು ನಿಲ್ಲಿಸಿ ಕಿವಿಗೊಡುತ್ತೇನೆ. ಹೋಗಿ ಕೇಳಲೇ? ಕೇಳಿದರೆ ಅದೇ ಉತ್ತರ. ಕೇಳದಿದ್ದರೆ

ಕರೆದಳು.

ಇಲಿಮರಿ ನನ್ನ ತೊಡೆಯ ಮೇಲೇ ಇದೆ, ಹೊಟ್ಟೆ ತುಂಬಿ ನಿದ್ದೆ ಹೋಗಿದೆ. ಕರೆದದ್ದು ಅದಕ್ಕಾಗಿ ಅಲ್ಲ.

"ಅಮ್ಮಾ, ಬಾ ಸ್ವಲ್ಪ. ನಂಗೆ ಮತ್ತೆ ತಲೆ—"

ಹೇಳಿದಳು. ನನಗೇ ಹೇಳಿದಳು. ಬಂದೆ ಮಗಳೇ, ಬಂ